ಬದಲಿಗೆ ಬಂದ ನಾಲ್ವರು

ನನ್ನ ಮೊಮ್ಮಗಳು ಕೀರ್ತನಾ ನುಡಿಸುವ ವಾದ್ಯಕ್ಕೆ ವಯೋಲಾ ಅಂತ ಹೆಸರು. ನೋಡಲಿಕ್ಕೆ ಪಿಟೀಲಿನ ಹಾಗೇ ಇರುತ್ತದೆ. ಬಾಣಂತನಕ್ಕೆ ತವರಿಗೆ ಬಂದು ತುಪ್ಪ ತಿಂದ ಪಿಟೀಲು ಅಂದುಕೊಳ್ಳಿ. ದನಿಯೂ ಸ್ವಲ್ಪ ದಪ್ಪ. ಅದನ್ನು ಕಲಿಯಲಿಕ್ಕೆ ಅವಳು ಪಟ್ಟ ಪಾಡನ್ನು ಬೇರೆ ಯಾವುದಕ್ಕೆ ಪಟ್ಟಿದ್ದರೂ ಇಷ್ಟು ಹೊತ್ತಿಗೆ ವಿಧಾನಸೌಧವನ್ನೇ ಬರೆದುಕೊಡುತ್ತಿದ್ದರು.

ಮೊದಲು ರಾಜಾಜಿನಗರದ ಒಬ್ಬ ಮೇಷ್ಟ್ರ ಮನೆಯಲ್ಲಿ ನೆಲದ ಮೇಲೆ ಕೂತು, ಪಿಟೀಲಿನ ತುದಿಯನ್ನು ಪಾದಕ್ಕೆ ಊರಿ, ಸರಳೆ ಜಂಟಿ ಎಲ್ಲ ಕಲಿತಳು. ಆಮೇಲೆ ಇಂಗ್ಲಿಷ್ ಸಂಗೀತದ ಹುಚ್ಚು ಹಿಡಿಯಿತು. ಕಲಿತದ್ದನ್ನೆಲ್ಲ ಕೈಬಿಟ್ಟು, ಗದ್ದದ ಕೆಳಗೆ ಇಟ್ಟುಕೊಂಡು ನುಡಿಸುವುದನ್ನು ಅ ಆ ಇ ಈಯಿಂದ ಶುರು ಮಾಡಿದಳು. ಇದನ್ನು ಪೂರ್ತಿ ಹೇಳಿಕೊಡುವವರು ನಮ್ಮ ಕಡೆ ಎಲ್ಲಿದ್ದಾರೆ? ಚರ್ಚಿನಲ್ಲಿ ಹಾಡು ಹೇಳಿಕೊಡುವವರ ಹತ್ತಿರ ಒಂದಿಷ್ಟು, ಸಿನಿಮಾ ರೆಕಾರ್ಡಿಂಗಿಗೆ ಹೋಗುತ್ತಿದ್ದ ಮುದುಕರ ಹತ್ತಿರ ಒಂದಿಷ್ಟು, ಫೋನಿನಲ್ಲಿ ಯಾವುದೋ ದೇಶದ ಹೆಂಗಸಿನ ಹತ್ತಿರ ಒಂದಿಷ್ಟು. ತಿರುಪೆ ಎತ್ತುವವರಿಗೂ ಇಷ್ಟು ಮನೆ ತಿರುಗುವ ಕಷ್ಟ ಇರುವುದಿಲ್ಲ. ಕತ್ತಿನಲ್ಲಿ ಕರೀ ಗುರುತು ಬಿತ್ತು. ಹೆಣ್ಣು ನೋಡಲಿಕ್ಕೆ ಬಂದ ಹೆಂಗಸೊಬ್ಬಳು ಅದನ್ನೇ ದಿಟ್ಟಿಸಿ ನೋಡುತ್ತಿದ್ದಳು. "ಗಾಬ್ರಿ ಆಗ್ಬೇಡಿ ತಾಯಿ, ನೊಗ ಹೊತ್ತ ಗುರುತು" ಅಂದೆ. ಆ ಸಂಬಂಧ ಉಪ್ಪಿಟ್ಟಿಗೇ ಮುಗಿಯಿತು.

ಇವಳ ಜೊತೆ ಇನ್ನೂ ಮೂವರು. ವಿಜಯನಗರದ ರಾಗಿಣಿ ಮತ್ತು ನಾಗರಬಾವಿಯಲ್ಲಿ ರೂಮು ಮಾಡಿಕೊಂಡಿರುವ ದರ್ಶನ್ ಪಿಟೀಲು. ಆತ್ರೇಯ ಅನ್ನುವವನದು ಚೆಲ್ಲೋ. ಅದು ನೆಲಕ್ಕೆ ಊರಿ ಕಾಲಿನ ನಡುವೆ ಹಿಡಿದು ನುಡಿಸುವ ದೊಡ್ಡ ವಾದ್ಯ, ನಮ್ಮ ಅತ್ತೆ ಕಾಲದ ರಾಗಿ ವಾಡೆಯಷ್ಟಿದೆ. ನಾಲ್ವರೂ ಮುಖಾಮುಖಿ ಕೂರುತ್ತಾರೆ. ಮೃದಂಗ ಇಲ್ಲ, ತಾಳ ಹಾಕುವವರಿಲ್ಲ, ಯಜಮಾನ ಅಂತ ಒಬ್ಬನಿಲ್ಲ. ಒಬ್ಬರ ಮುಖ ಒಬ್ಬರು ನೋಡಿ, ಒಟ್ಟಿಗೆ ಉಸಿರೆಳೆದು ಶುರು ಮಾಡಬೇಕು. ಬಸವೇಶ್ವರನಗರದ ನಮ್ಮ ಮನೆಯ ಮಹಡಿಯ ರೂಮಿನಲ್ಲಿ ಅವರ ಪ್ರಾಕ್ಟೀಸು. ಅದನ್ನು ಬಾಡಿಗೆಗೆ ಕೊಡೋಣ ಅಂತ ನನ್ನ ಮಗ ದಿನಾ ಮುಖ ಊದಿಸುತ್ತಾನೆ. ನಾನು ಕೊಡಲಿಲ್ಲ. ಮೊದಮೊದಲು ನಾಲ್ಕು ಬೆಕ್ಕುಗಳನ್ನು ಒಂದೇ ಚೀಲಕ್ಕೆ ತುಂಬಿದ ಹಾಗೆ ಕೇಳುತ್ತಿತ್ತು, ಬರಬರುತ್ತಾ ಒಂದೇ ಬೆಕ್ಕಾಯಿತು.

ಇವರಿಗೆ ಸಂಬಳ ಕೊಡುವ ಧಣಿ ಇಲ್ಲ. ಫೋನು ಬಂದರೆ ಕೆಲಸ, ಬರದಿದ್ದರೆ ಅಪಾರ್ಟ್‌ಮೆಂಟ್ ಮಕ್ಕಳಿಗೆ ಪಾಠ. ಕೆಂಗೇರಿ ಕಡೆಯ ದೊಡ್ಡ ಹಾಲ್‌ಗಳಲ್ಲಿ ರಿಸೆಪ್ಶನ್ ಇದ್ದರೆ ಕರೆಯುತ್ತಾರೆ. ಗೋಬಿ ಮಂಚೂರಿ ಸಾಲಿನ ಪಕ್ಕ ಕೂತು ಸಿನಿಮಾ ಹಾಡು ನುಡಿಸಬೇಕು. ಕರೆದವರಿಗೆ ಒಂದು ಸಲ ಇಲ್ಲ ಅಂದರೆ ಮುಂದಿನ ಸಲ ನಂಬರೇ ಮರೆಯುತ್ತಾರಂತೆ. ಹಾಗಾಗಿ ಯಾರೂ ಇಲ್ಲ ಅನ್ನುವುದಿಲ್ಲ. ಒಂದೇ ದಿನ ಎರಡು ಕಡೆ ಒಪ್ಪಿಕೊಂಡು, ಒಂದು ಕಡೆಗೆ ತಾವು ಹೋಗಿ, ಇನ್ನೊಂದು ಕಡೆಗೆ ಬದಲಿ ಕಳಿಸುತ್ತಾರೆ. ಹಾಗೆ ಹೋಗುವ ಬದಲಿಯವರನ್ನು ಅವರು ಸಬ್ ಅನ್ನುತ್ತಾರೆ. ನಾಟಿಗೆ ಬದಲಾಳು ಕಳಿಸುವುದನ್ನು ನಾನೂ ನೋಡಿದ್ದೇನೆ. ಆದರೆ ಆಳು ಬದಲಾದರೆ ಪೈರಿಗೆ ಗೊತ್ತಾಗುವುದಿಲ್ಲ.

ಈ ನಾಲ್ವರ ಕಣ್ಣು ಏಕಾಂತಯ್ಯ ಎಂಬ ಮೇಷ್ಟ್ರ ಮೇಲಿತ್ತು. ರಾಜಾಜಿನಗರದಲ್ಲೇ ಹುಟ್ಟಿದವರು, ಪರದೇಶದಲ್ಲಿ ಚೆಲ್ಲೋ ನುಡಿಸಿ ತಲೆ ನೆರೆಸಿಕೊಂಡು ವಾಪಸ್ಸು ಬಂದವರು. ವರ್ಷಕ್ಕೆ ಒಂದೇ ಒಂದು ಗುಂಪನ್ನು ಆರಿಸಿಕೊಂಡು, ವರ್ಷವಿಡೀ ಕೂರಿಸಿ ಕಲಿಸುತ್ತಾರೆ. ಮದುವೆ ಮನೆಗಳಿಗೆ ಓಡದ ಹಾಗೆ ಊಟ ಬಟ್ಟೆಯ ಖರ್ಚನ್ನೂ ಯಾರಿಂದಲೋ ಕೊಡಿಸುತ್ತಾರೆ. ಆ ವರ್ಷ ಸಿಕ್ಕಿದವರಿಗೆ ಆಮೇಲೆ ಹೊರದೇಶದ ಬಾಗಿಲೂ ತೆರೆಯುತ್ತದಂತೆ. ಇದೇ ಕೊನೆಯ ಗುಂಪು, ಇನ್ನು ಮಂಡಿ ಕೇಳುವುದಿಲ್ಲ ಅಂತ ಹೇಳಿಬಿಟ್ಟಿದ್ದರು. ಕಛೇರಿ ಕೇಳಿ ಆರಿಸುವವರಲ್ಲ ಆ ಮನುಷ್ಯ. ಯಾವ ವಾರ ಅಂತ ಮಾತ್ರ ತಿಳಿಸಿ, ಅದರಲ್ಲಿ ಯಾವತ್ತೋ ಒಂದು ದಿನ, ಹೇಳದೆ, ಪ್ರಾಕ್ಟೀಸು ನಡೆಯುವ ಕಡೆಗೇ ಬಂದು ಕೂರುತ್ತಾರೆ. ನೀವು ಕೆಲಸ ಮಾಡುವುದನ್ನು ನೋಡಬೇಕು, ಮೆರೆಯುವುದನ್ನಲ್ಲ ಅನ್ನುತ್ತಾರೆ.

ಒಂದು ವಾರ ನಮ್ಮವರ ಸರದಿ ಬಂತು. ಸೋಮವಾರದಿಂದ ಶುಕ್ರವಾರದವರೆಗೆ ನಾಲ್ವರೂ ಗರ್ಭಗುಡಿಯ ವಿಗ್ರಹಗಳ ಹಾಗೆ ಕದಲದೆ ಕೂತರು. ಬೀದಿಯಲ್ಲಿ ಆಟೋ ನಿಂತರೆ ಸಾಕು, ಕೆಮ್ಮುವುದನ್ನೂ ನಿಲ್ಲಿಸುತ್ತಿದ್ದರು. ಮೇಷ್ಟ್ರು ಬರಲಿಲ್ಲ.

ಶನಿವಾರ ಭಾರೀ ಮುಹೂರ್ತ. ಅವತ್ತು ಬೆಂಗಳೂರಿನಲ್ಲಿ ಮದುವೆಯಾಗದೆ ಉಳಿದದ್ದು ನಾನು ಮತ್ತು ನಮ್ಮ ಬೀದಿ ನಾಯಿ. ಮಧ್ಯಾಹ್ನ ಕೀರ್ತನಾ ಕರೀ ಸೀರೆ ಉಟ್ಟು, ತುಟಿಗೆ ಬಣ್ಣ ಹಚ್ಚಿಕೊಂಡು ಕೆಳಗೆ ಬಂದಳು.

"ಎಲ್ಲಿಗೇ ಹೊರಟೆ, ಸಾವಿಗೋ ಮದ್ವೆಗೋ?"

"ಕೆಂಗೇರಿ, ಅಜ್ಜಿ. ರಿಸೆಪ್ಶನ್."

"ಆ ಮೇಷ್ಟ್ರು ಬಂದ್ರೆ?"

"ಐದು ದಿನ ಬರ್ಲಿಲ್ಲ, ಮುಹೂರ್ತದ ದಿನ ಈ ಟ್ರಾಫಿಕ್ಕಲ್ಲಿ ಬರ್ತಾರಾ? ಬಂದ್ರೂ ಮೂರು ಜನ ಇರ್ತಾರಲ್ಲ. ನನ್ ಬದ್ಲು ರಮ್ಯಶ್ರೀ ಬರ್ತಾಳೆ. ಒಬ್ರು ಸಬ್ ಇದ್ರೆ ಯಾರೂ ಏನೂ ಅನ್ನಲ್ಲ."

"ನಿನ್ ಮದ್ವೆ ದಿನಾನೂ ಸಬ್ ಕಳಿಸ್ತೀಯೇನೇ?"

"ಇವ್ರಿಗೆ ಇಲ್ಲ ಅಂದ್ರೆ ಈ ಸೀಸನ್ ಪೂರ್ತಿ ಹೋಯ್ತು ಅಜ್ಜಿ. ಮೇಷ್ಟ್ರು ನಮ್ಮನ್ನ ತಗೊಳ್ದೇ ಹೋದ್ರೆ ನಾಳೆ ಏನ್ ಮಾಡ್ಲಿ? ರಿಸೆಪ್ಶನ್ನಿಗೆ ಹೋದೆ ಅಂತ ರಾಗಿಣಿಗೆ ಮಾತ್ರ ಹೇಳ್ಬೇಡ, ತಿಂದ್ಹಾಕ್ತಾಳೆ."

ಸಂಜೆ ನಾಲ್ಕಕ್ಕೆ ರಮ್ಯಶ್ರೀ ಬಂದಳು. ಗುಬ್ಬಚ್ಚಿಯಂಥ ಹುಡುಗಿ, ವಯೋಲಾ ಪೆಟ್ಟಿಗೆ ಅವಳಿಗಿಂತ ಭಾರ. ಮೇಲೆ ಕಳಿಸಿದೆ. ಸ್ವಲ್ಪ ಹೊತ್ತಿಗೆ ಪಿಟೀಲು ಹಿಡಿದ ಒಬ್ಬ ಉದ್ದನೆಯವನು ಬಂದ.

"ನೀನ್ಯಾರಪ್ಪ?"

"ರವಿಕುಮಾರ್ ಅಂತ ಅಜ್ಜಿ. ರಾಗಿಣಿ ಮೇಡಂ ಕಳ್ಸಿದ್ರು. ಅವರ ಚಿಕ್ಕಮ್ಮ ತೀರ್ಕೊಂಡ್ರಂತೆ."

"ಪಾಪ. ಆ ಚಿಕ್ಕಮ್ಮ ಹೋದ್ ತಿಂಗ್ಳೂ ತೀರ್ಕೊಂಡಿದ್ಲು."

ಅಷ್ಟರಲ್ಲಿ ಕನ್ನಡಕದ ಹುಡುಗಿಯೊಬ್ಬಳು ಇನ್ನೊಂದು ಪಿಟೀಲು ತಂದಳು. ದರ್ಶನ್‌ಗೆ ಜ್ವರವಂತೆ. ಅವಳ ಹಿಂದೆಯೇ ಗಡ್ಡದವನೊಬ್ಬ ಏದುಸಿರು ಬಿಡುತ್ತಾ ಚೆಲ್ಲೋ ಹೊತ್ತುಕೊಂಡು ಮೆಟ್ಟಿಲು ಹತ್ತಿದ. ಆತ್ರೇಯನಿಗೆ ಹಲ್ಲುನೋವಂತೆ. ಊರಿನ ರೋಗವೆಲ್ಲ ಮುಹೂರ್ತ ನೋಡಿಕೊಂಡೇ ಬಂದಿತ್ತು.

ಕಾಫಿ ತೆಗೆದುಕೊಂಡು ಮೇಲೆ ಹೋದೆ. ನಾಲ್ಕು ಜನ ನಾಲ್ಕು ಗೋಡೆಗೆ ಒರಗಿ ನಿಂತಿದ್ದರು. ನಡುವೆ ನಾಲ್ಕು ಕುರ್ಚಿ ಖಾಲಿ.

"ಕೂತ್ಕೊಳ್ಳಿ ಮಕ್ಳಾ, ಯಾಕ್ ನಿಂತಿದೀರ?"

"ಪರ್ವಾಗಿಲ್ಲ ಅಜ್ಜಿ, ಗ್ರೂಪಿನವರು ಬಂದ್ಬಿಡ್ಲಿ" ಅಂದಳು ರಮ್ಯಶ್ರೀ.

ರವಿಕುಮಾರ್ ಅವಳ ಕಡೆ ತಿರುಗಿದ. "ನೀವು ಗ್ರೂಪಿನವರಲ್ವಾ?"

"ಇಲ್ಲ, ನಾನು ಸಬ್ಬು. ನೀವಲ್ವಾ?"

"ನಾನೂ ಸಬ್ಬೇ."

ಇಬ್ಬರೂ ಕನ್ನಡಕದವಳನ್ನು ನೋಡಿದರು. ಅವಳು ಗಡ್ಡದವನನ್ನು ನೋಡಿದಳು. ಗಡ್ಡದವನು ನನ್ನನ್ನು ನೋಡಿದ, ನಾನೇನಾದರೂ ಗ್ರೂಪಿನವಳೋ ಎನ್ನುವ ಹಾಗೆ. ನಾಲ್ಕು ದಿಬ್ಬಣ ಬಂದಿದೆ, ಛತ್ರದಲ್ಲಿ ಗಂಡೂ ಇಲ್ಲ ಹೆಣ್ಣೂ ಇಲ್ಲ. ನಗು ಬರಬೇಕಾದ ಕಡೆ ನನಗೆ ಮೈಯೆಲ್ಲ ಉರಿಯಿತು.

ಆಗ ಬೀದಿಯಲ್ಲಿ ಆಟೋ ನಿಂತಿತು.

ಏಕಾಂತಯ್ಯ ಕಂಬಿ ಹಿಡಿದುಕೊಂಡು, ಮೆಟ್ಟಿಲಿಗೊಮ್ಮೆ ನಿಂತು, ಮೇಲೆ ಬಂದರು. ಕಡ್ಡಿಯಂಥ ಮನುಷ್ಯ, ಕಿವಿ ಮಾತ್ರ ಮೊರದಷ್ಟು. "ಕೀರ್ತನಾ ಅವರ ಗುಂಪು ಇದೇನಮ್ಮಾ?"

"ಬನ್ನಿ ಬುದ್ಧಿ, ಕೂತ್ಕೊಳ್ಳಿ. ಈಗ್ತಾನೇ ಹೋದ್ರು, ಈಗ್ಲೇ ಬರ್ತಾರೆ. ಕಾಫಿ ಕುಡೀರಿ. ಕೋಡುಬಳೆ ಕೊಡ್ಲಾ? ಹಲ್ಲಿದೆಯಾ?"

ಕೆಳಗೆ ಓಡಿ ಕೀರ್ತನಾಗೆ ಫೋನು ಮಾಡಿದೆ. ಆ ಕಡೆ ಜಾತ್ರೆಯ ಗದ್ದಲ.

"ಬಂದವ್ರೆ ಕಣೇ ನಿಮ್ ಮೇಷ್ಟ್ರು."

"ಅಯ್ಯೋ. ಹೋಗ್ಲಿ ಬಿಡು ಅಜ್ಜಿ, ರಾಗಿಣಿ ನೋಡ್ಕೋತಾಳೆ."

"ರಾಗಿಣಿ ಇಲ್ಲ. ಬದಲಿ ಬಂದವ್ನೆ."

"ಏನು? ದರ್ಶನ್?"

"ಬದಲಿ."

"ಆತ್ರೇಯಂದು ಕೇಳ್ಲೇ ಬೇಡ್ವಾ?"

"ಕೇಳ್ಬೇಡ."

"ಅಜ್ಜಿ, ಹೇಗಾದ್ರೂ ಅವ್ರನ್ನ ಹಿಡ್ಕೋ. ಬಿಟ್ಟು ಬರೋಕಾಗಲ್ಲ, ಗಂಡು ಹೆಣ್ಣು ಈಗ ಸ್ಟೇಜಿಗೆ ಬರ್ತಾ ಇದಾರೆ" ಅನ್ನುವಷ್ಟರಲ್ಲಿ ಯಾರೋ ಅವಳನ್ನು ಕೂಗಿದರು. ಫೋನು ಸತ್ತಿತು.

ಮೇಲೆ ಬಂದೆ. ಕಾಫಿ ಆಯಿತು, ಕೋಡುಬಳೆ ಆಯಿತು, ನನ್ನ ಗಂಡ ಸತ್ತ ಕಥೆಯನ್ನು ಕಣ್ಣೀರು ಸಮೇತ ಎರಡು ಸಲ ಹೇಳಿದ್ದಾಯಿತು. ಏಕಾಂತಯ್ಯ ಕಪ್ಪು ಕೆಳಗಿಟ್ಟರು. "ಅಮ್ಮಾ, ನಿಮ್ಮವರು ಬರಲ್ಲ ಅಂತ ನಂಗೆ ಗೊತ್ತಾಯ್ತು. ಇಷ್ಟು ಮೆಟ್ಲು ಹತ್ತಿ ಬಂದಿದೀನಿ. ಬಂದಿರೋರೇ ನುಡಿಸ್ಲಿ."

ಬದಲಿ ಬಂದ ನಾಲ್ವರೂ ಕೂತರು. ಸ್ಟ್ಯಾಂಡಿನ ಮೇಲೆ ನಮ್ಮವರ ಹಾಳೆಗಳು, ನಮ್ಮವರು ಪೆನ್ಸಿಲಿನಲ್ಲಿ ಗೀಚಿದ ಗುರುತುಗಳು. ಒಬ್ಬರಿಗೊಬ್ಬರು ಗುರುತಿಲ್ಲದವರು. ಅದಕ್ಕೇ ಇರಬೇಕು, ಒಬ್ಬರ ಮೇಲಿಂದ ಒಬ್ಬರು ಕಣ್ಣು ಕೀಳಲಿಲ್ಲ. ಹೊಸ ಸೊಸೆ ಅತ್ತೆಯ ಮುಖ ನೋಡುವ ಹಾಗೆ, ಈಗ ಏನು ಮಾಡುತ್ತಾರೋ, ಎಲ್ಲಿ ನಿಲ್ಲಿಸುತ್ತಾರೋ ಅಂತ ಕಾಯುತ್ತಾ ನುಡಿಸಿದರು. ನಮ್ಮವರು ಈಚೀಚೆಗೆ ಹಾಳೆ ನೋಡಿಕೊಂಡು, ಗಂಡ ಹೆಂಡತಿ ಟೀವಿ ಮುಂದೆ ಉಂಡ ಹಾಗೆ ನುಡಿಸುತ್ತಿದ್ದರು. ಇದನ್ನು ಹೇಳಲಿಕ್ಕೆ ನನಗೆ ಹೊಟ್ಟೆ ಉರಿಯುತ್ತದೆ, ಆದರೂ ನೋಡಿದ್ದನ್ನು ಹೇಳಬೇಕು.

ಎರಡು ಕಡೆ ತಪ್ಪಿದರು, ನಿಂತರು, ಮತ್ತೆ ಶುರು ಮಾಡಿದರು. ಏಕಾಂತಯ್ಯ ಗಡ್ಡದವನ ಕೈಯಿಂದ ಕಮಾನು ಕಿತ್ತುಕೊಂಡು, ಅವನ ಪಾಲಿನದನ್ನು ಬಾಯಲ್ಲಿ ಹಾಡು ಅಂದರು. ಅವನು ಎಮ್ಮೆ ಕರು ಕೂಗಿದ ಹಾಗೆ ಹಾಡಿದ. ಮಿಕ್ಕ ಮೂವರು ಅದಕ್ಕೆ ಸರಿಯಾಗಿ ನುಡಿಸಿದರು. ಕಮಾನು ವಾಪಸ್ಸು ಕೊಟ್ಟು ರಮ್ಯಶ್ರೀಗೆ, "ತಲೆ ಅಲ್ಲಾಡಿಸ್ಬೇಡ, ಉಸಿರಲ್ಲಿ ಹೇಳು" ಅಂದರು. ಅವಳು ಉಸಿರೆಳೆದಳು, ನಾಲ್ಕೂ ದನಿ ಒಟ್ಟಿಗೆ ಎದ್ದಿತು. ಹಾಲು ಉಕ್ಕಿದ ಹಾಗೆ. ಆ ಮುದುಕರು ಮಂಡಿ ನೋವು ಮರೆತು ಎದ್ದು ನಿಂತೇ ಬಿಟ್ಟಿದ್ದರು.

ಮುಗಿದ ಮೇಲೆ ಅಂದರು, "ನನಗೆ ಈ ನಾಲ್ಕು ಜನ ಬೇಕು."

ನಾನು ಸುಮ್ಮನಿರುವವಳಾ? "ಬುದ್ಧಿ, ನಮ್ ಹುಡುಗಿ ಐದು ದಿನ ಕಾದ್ಲು, ನೀವು ಬರ್ಲಿಲ್ಲ. ಒಂದು ದಿನ ಹೊರಗ್ ಹೋದ್ಲು, ಅವತ್ತೇ ಬಂದ್ರಿ. ನೀವು ಮೇಷ್ಟ್ರಾ, ಶನಿಮಹಾತ್ಮನಾ?"

"ಅಮ್ಮಾ, ಯಾರೋ ಒಬ್ರು ಇಲ್ದಿದ್ರೆ ಮತ್ತೆ ಬರ್ತಿದ್ದೆ. ನಾಲ್ಕು ಜನಾನೂ ಇಲ್ಲ ಅಂದ್ರೆ, ಅಲ್ಲಿ ಗುಂಪೇ ಇಲ್ಲ ಅಂತ."

ಅದಕ್ಕೆ ಉತ್ತರ ಬಂದದ್ದು ರವಿಕುಮಾರನಿಂದ. ಅವನು ಪಿಟೀಲನ್ನು ಪೆಟ್ಟಿಗೆಗೆ ಹಾಕುತ್ತಾ ಹೇಳಿದ, "ಆಗಲ್ಲ ಸಾರ್. ಕಳಿಸಿದವರ ಕುರ್ಚಿ ಸಬ್ ತಗೊಳ್ಳೋ ಹಾಗಿಲ್ಲ. ತಗೊಂಡೋನು ಅಂತ ಗೊತ್ತಾದ್ರೆ ನಾಳೆಯಿಂದ ನಮ್ಮನ್ನ ಯಾರೂ ನಂಬಿ ಕಳಿಸಲ್ಲ."

"ಒಂದು ವರ್ಷ ನಿಂಗೆ ಯಾರೂ ಕಳಿಸೋದೇ ಬೇಕಾಗಿಲ್ವಲ್ಲಪ್ಪ."

"ವರ್ಷ ಆದ್ಮೇಲೆ, ಸಾರ್?"

ಕನ್ನಡಕದವಳು ನೆಲ ನೋಡುತ್ತಿದ್ದಳು. ಗಡ್ಡದವನು ಕೆಮ್ಮಿದ. ರಮ್ಯಶ್ರೀಯ ಕಣ್ಣಲ್ಲಿ ನೀರು ನಿಂತಿತ್ತು, ಆದರೂ ಮೊದಲು ಎದ್ದವಳು ಅವಳೇ. "ಕೀರ್ತನಾ ಅಕ್ಕ ನನ್ನ ನಂಬಿ ಕಳ್ಸಿದಾರೆ ಸಾರ್" ಅಂದಳು.

ಏಕಾಂತಯ್ಯ ನಾಲ್ವರನ್ನೂ ನೋಡಿದರು. ಅವರ ಸಿಟ್ಟು ಕಿವಿಯಲ್ಲಿ ಕಾಣುತ್ತಿತ್ತು, ಕೆಂಪಗಾಗಿತ್ತು. "ಬರಬೇಕಾದೋರು ಬರ್ಲಿಲ್ಲ. ಬಂದೋರು ಕೂತ್ಕೊಳ್ಳಲ್ಲ. ನಾಳೆ ಸಂಜೆವರೆಗೆ ಕಾಯ್ತೀನಿ. ಕಳಿಸಿದವ್ರೇ ಬಾಯ್ಬಿಟ್ಟು ಒಪ್ಪಿದ್ರೆ ಇವರು. ಇಲ್ಲಾಂದ್ರೆ ಯಾರೂ ಇಲ್ಲ, ನಾನು ಮನೇಲಿ ಬಿಸಿನೀರಿಗೆ ಕಾಲಿಟ್ಕೊಂಡು ಕೂತಿರ್ತೀನಿ."

ಕೀರ್ತನಾ ಮನೆಗೆ ಬಂದಾಗ ಎಲ್ಲ ಹೇಳಿದೆ. ಅವಳು ಅಳುತ್ತಾಳೆ ಅಂದುಕೊಂಡಿದ್ದೆ. ಅಳಲಿಲ್ಲ. ತುಟಿಯ ಬಣ್ಣ ಒರೆಸಿಕೊಂಡು ಮಲಗಿದಳು. ಗೋಡೆ ಕಡೆ ತಿರುಗಿದವಳ ಬೆನ್ನು ನೋಡಿದರೆ ನಿದ್ದೆ ಬಂದ ಬೆನ್ನಲ್ಲ ಅದು.

ಭಾನುವಾರ ಬೆಳಗ್ಗೆ ಮೂವರಿಗೂ ಒಟ್ಟಿಗೆ ಫೋನು ಹಚ್ಚಿ ಊಟದ ಮೇಜಿನ ಮೇಲಿಟ್ಟಳು. ನಾನು ಅವರೆಕಾಳು ಹಿಚುಕುತ್ತಾ ಕೂತಿದ್ದೆ.

"ನಾನೊಬ್ನೇ ತಾನೇ ಅಂದ್ಕೊಂಡೆ" ಅಂತ ದರ್ಶನ್ ದನಿ. "ನೀನೂ ಬದ್ಲಿ ಕಳಿಸ್ತೀಯ ಅಂತ ನನಗೇನ್ ಗೊತ್ತು?"

"ನಾನೂ ಅಷ್ಟೇ ಮಗಾ" ಅಂದ ಆತ್ರೇಯ. "ನೀವು ಮೂರು ಜನ ಇದೀರಲ್ಲ ಅಂತ ಧೈರ್ಯ."

"ಹಲ್ಲುನೋವು ಹೆಂಗಿದೆಯಪ್ಪ?" ಅಂತ ನಾನು ಕೇಳಿದೆ. "ನಾಲ್ಕು ಜನ ಸೊಸೆಯಂದ್ರು ಇರೋ ಮನೇಲಿ ನಾಯಿ ಉಪವಾಸ ಅಂತೆ. ಹಂಗಾಯ್ತು ನಿಮ್ದು."

"ಅಜ್ಜಿ, ಸುಮ್ನಿರು" ಅಂದಳು ಕೀರ್ತನಾ. ಆಮೇಲೆ ಫೋನಿನ ಕಡೆ ಬಾಗಿ, "ಈಗ ವಿಷಯ ಇಷ್ಟೇ. ನಾವು ಹೂಂ ಅಂದ್ರೆ ಅವ್ರಿಗೆ ಸಿಗತ್ತೆ. ಊಹೂಂ ಅಂದ್ರೆ ಯಾರಿಗೂ ಇಲ್ಲ. ನಮಗಂತೂ ಇಲ್ಲ."

ದರ್ಶನ್, "ಹೋಗ್ಲಿ ಗುರು, ಹೂಂ" ಅಂದ. ಆತ್ರೇಯನೂ ಹೂಂಗುಟ್ಟಿದ. ಅವನ ಹೂಂ ಬಾವಿಯ ತಳದಿಂದ ಬಂದ ಹಾಗಿತ್ತು.

"ನಾನು ಒಪ್ಪಲ್ಲ" ಅಂದಳು ರಾಗಿಣಿ. "ನಮ್ ರೂಮು, ನಮ್ ಪೆನ್ಸಿಲ್ ಮಾರ್ಕು, ನಾವು ವರ್ಷಗಟ್ಲೆ ಕಿತ್ತಾಡಿ ಕೂರ್ಸಿರೋ ಪೀಸು. ಅವ್ರು ಒಂದು ಸಂಜೆ ಬಂದು ಕೂತು ತಗೊಂಡು ಹೋಗ್ಬೇಕಾ?"

"ಅವ್ರು ತಗೊಂಡಿಲ್ಲ ಕಣೇ. ಅದೇ ನನಗೆ ತಡ್ಕೊಳ್ಳೋಕಾಗ್ತಿಲ್ಲ. ಕೈಗೆ ಬಂದಿದ್ದನ್ನ ನಮಗೋಸ್ಕರ ಬಿಟ್ಟು ಎದ್ದು ಹೋಗಿದಾರೆ. ನಾವು ಏನಕ್ಕೆ ಬಿಟ್ಟು ಹೋದ್ವಿ ಹೇಳು? ಪಾನಿಪುರಿ ಸ್ಟಾಲ್ ಪಕ್ಕ ಕೂರೋಕೆ."

"ನೀನೂ ಹೋಗಿದ್ದೆ."

"ಹೋಗಿದ್ದೆ. ಅದಕ್ಕೇ ಹೇಳ್ತಿರೋದು."

"ಅವ್ರು ನುಡಿಸಿದ್ದು ಚೆನ್ನಾಗಿತ್ತಂತಾ?" ರಾಗಿಣಿಯ ದನಿ ಸಣ್ಣಗಾಗಿತ್ತು.

ಕೀರ್ತನಾ ನನ್ನ ಮುಖ ನೋಡಿದಳು. ಸುಳ್ಳು ಹೇಳಬಹುದಿತ್ತು. ನನ್ನ ಜೀವಮಾನದಲ್ಲಿ ಬೆಟ್ಟದಷ್ಟು ಸುಳ್ಳು ಹೇಳಿದ್ದೇನೆ, ಕೂದಲೆಳೆಯನ್ನು ಹಗ್ಗ ಮಾಡಿದ್ದೇನೆ. ಅವತ್ತು ಒಂದು ಎಳೆಯೂ ಸಿಗಲಿಲ್ಲ. ತಲೆ ಆಡಿಸಿದೆ.

"ಚೆನ್ನಾಗಿತ್ತಂತೆ" ಅಂದಳು ಕೀರ್ತನಾ.

"ರವಿಗೆ ನೀನೇ ಹೇಳು. ನಂಗೆ ಹೇಳೋಕಾಗಲ್ಲ" ಅಂತ ರಾಗಿಣಿ ಫೋನು ಇಟ್ಟುಬಿಟ್ಟಳು.

ಕೀರ್ತನಾ ಮೊದಲು ಮೇಷ್ಟ್ರಿಗೆ ಫೋನು ಮಾಡಿ ನಾಲ್ವರೂ ಒಪ್ಪಿದ್ದನ್ನು ಹೇಳಿದಳು, ಆಮೇಲೆ ಬದಲಿ ಬಂದವರಿಗೆ ಒಬ್ಬೊಬ್ಬರಿಗೇ ಮಾಡಿದಳು. ರಮ್ಯಶ್ರೀಗೆ ಕೊನೆಗೆ. ಆ ಹುಡುಗಿ ಏನು ಅಂದಳೋ ನನಗೆ ಕೇಳಲಿಲ್ಲ, ಇವಳ ಮಾತು ಮಾತ್ರ ಕೇಳಿತು. "ಇಲ್ಲ ಕಣೇ, ಬೇಜಾರಾಗಿದೆ. ಆಗಿಲ್ಲ ಅಂತ ಹೇಳಲ್ಲ. ಆದ್ರೂ ನಾನೇ ಹೇಳ್ತಿದೀನಿ, ಕೂತ್ಕೋ... ಯಾರಾದ್ರೂ ಕೇಳಿದ್ರೆ ಕೀರ್ತನಾನೇ ಕೊಟ್ಲು ಅನ್ನು... ಈ ವರ್ಷ ನಿಂಗೆ ಬರೋ ರಿಸೆಪ್ಶನ್ ಎಲ್ಲ ನನ್ ಕಡೆ ಕಳ್ಸು. ನಿನ್ ಸಬ್ ನಾನು."

ಫೋನು ಇಟ್ಟು ನನ್ನ ಮುಂದಿದ್ದ ಅವರೆಕಾಳಿಗೆ ಕೈ ಹಾಕಿ, ಸಿಪ್ಪೆಯನ್ನು ಪಾತ್ರೆಗೂ ಕಾಳನ್ನು ನೆಲಕ್ಕೂ ಹಾಕತೊಡಗಿದಳು. ನಾನು ನೋಡಿಯೂ ನೋಡದ ಹಾಗೆ ಕೂತಿದ್ದೆ.

"ಅಜ್ಜಿ, ಅವ್ರಿಗೆ ಪ್ರಾಕ್ಟೀಸಿಗೆ ಜಾಗ ಇಲ್ಲ. ರವಿ ಮನೆ ನಾಯಂಡಹಳ್ಳಿ ವರ್ಕ್‌ಶಾಪಿನ ಪಕ್ಕ, ಅಲ್ಲಿ ಏನೂ ಕೇಳ್ಸಲ್ಲ."

ನನ್ನ ಪಿತ್ತ ನೆತ್ತಿಗೇರಿತು. "ಕುರ್ಚಿ ಕೊಟ್ಟೆ, ಮೇಷ್ಟ್ರನ್ನ ಕೊಟ್ಟೆ. ಈಗ ನನ್ ರೂಮೂ ಕೊಡ್ಲಾ? ನಿನ್ ತಟ್ಟೇಲಿ ಊಟಾನೂ ಬಡಿಸ್ಲಾ?"

"ಬಡಿಸು" ಅಂದಳು. "ಆದ್ರೆ ನಾನು ಮನೇಲಿ ಇಲ್ದಾಗ ಬರ್ಲಿ. ಕೇಳಿಸ್ಕೊಳ್ಳೋಕೆ ಈಗ್ಲೇ ಆಗಲ್ಲ ನನಗೆ."

ಬೈಯಲಿಕ್ಕೆ ಬಾಯಿ ತೆರೆದೆ. ಯಾರನ್ನು ಬೈಯಲಿ? ಕೆಲಸ ಬಿಡದ ಇವಳನ್ನಾ, ಕುರ್ಚಿ ಕದಿಯದ ಅವರನ್ನಾ, ಹೇಳದೆ ಬರುತ್ತೇನೆ ಅಂತ ಹೇಳಿಯೇ ಬಂದ ಆ ಮುದುಕರನ್ನಾ? ಊರು ತುಂಬಾ ತಪ್ಪು ಬಿದ್ದಿದೆ, ಕಪಾಳಕ್ಕೆ ಹೊಡೆಯೋಣ ಅಂದರೆ ಒಬ್ಬನ ಮುಖವೂ ಸಿಗುವುದಿಲ್ಲ.

"ಮಂಗಳವಾರ, ಗುರುವಾರ ಬರ್ಲಿ" ಅಂದೆ. "ಕಾಫಿ ಒಂದೇ ಲೋಟ. ಕೋಡುಬಳೆ ಇಲ್ಲ ಅಂತ ಹೇಳು."

ಕೀರ್ತನಾ ಹೂಂ ಅಂದಳು. ನೆಲಕ್ಕೆ ಚೆಲ್ಲಿದ ಕಾಳನ್ನು ಇಬ್ಬರೂ ಆರಿಸತೊಡಗಿದೆವು.